ಅಕ್ಕನ ಗಾಡಿಗೆ ಕೂತ ಆಕ್ಸಲ್ಲು

ಹಳೇ ಪಿಕಪ್ ಗಾಡಿ ಕಟ್ಟಿಕೊಂಡವರು ಊರೆಲ್ಲ ಸುತ್ತಿ ಸುಸ್ತಾಗಿ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ, ಟೈರ್ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. "ಇದರ ಬಾಗಿಲು ಎಲ್ಲೂ ಸಿಗ್ತಿಲ್ಲ ಅಣ್ಣಾ, ಕಂಪನಿಯವರು ಮಾಡೋದೇ ನಿಲ್ಲಿಸಿ ಯಾವ ಕಾಲವಾಯ್ತೋ" ಅಂತ ಅವರು ಅಳುಮೋರೆ ಹಾಕಿದರೆ, ಶೆಡ್ಡಿನ ಯಜಮಾನ ಕತ್ತು ಕೆರೆದುಕೊಂಡು, ಮೂಲೆಗೆ ಒರಗಿಸಿದ್ದ ಇನ್ಯಾವುದೋ ಗಾಡಿಯ ಬಾಗಿಲನ್ನು ಎಳೆದು ತಂದು "ಅದಕ್ಕೆ ಇದಾಗತ್ತೆ ನೋಡಿ" ಅನ್ನುತ್ತಿದ್ದ. ಆಗಿಯೇ ಬಿಡುತ್ತಿತ್ತು! ಹೀಗೆ ಹೇಳಿ ಹೇಳಿ ಅವನೇ 'ಅದಕ್ಕಿದು' ಆಗಿಹೋದ. ಮೊದಮೊದಲು ಬೆನ್ನ ಹಿಂದೆ ಹಾಗಂತಿದ್ದರು, ಆಮೇಲೆ ಮುಖಕ್ಕೇ ಅಂದರು, ಕೊನೆಗೆ ಅವನೇ ಬೋರ್ಡಿನ ಮೇಲೆ ಬರೆಸಿಕೊಂಡ. ಬೇಜಾರು ಮಾಡಿಕೊಂಡು ಏನು ಪ್ರಯೋಜನ ಹೇಳಿ, ಬೇಜಾರು ಮಾಡಿಕೊಂಡರೆ ಊರಿನವರು ಇನ್ನೊಂದು ಹೆಸರು ಇಡುತ್ತಾರೆ.

"ಕಂಪನಿಯವರೂ ನಮ್ಮ ಹಾಗೇ ಸೋಮಾರಿಗಳು, ಅದೇ ನಮ್ಮ ಪುಣ್ಯ" ಅನ್ನೋದು ಅವನ ಸಿದ್ಧಾಂತ. ಹೊಸ ಮಾಡೆಲ್ ಅಂತ ಮೂತಿ ಬದಲಾಯಿಸುತ್ತಾರೆ, ದೀಪ ದೊಡ್ಡದು ಮಾಡುತ್ತಾರೆ, ಸೀಟಿಗೆ ಬೇರೆ ಬಟ್ಟೆ ಹೊದಿಸುತ್ತಾರೆ. ಕಣ್ಣಿಗೆ ಕಾಣದ ಕಡೆ ಕೈ ಹಾಕೋ ಕಷ್ಟ ಯಾರಿಗೆ ಬೇಕು? ಅಜ್ಜನ ಕಾಲದ ಎಂಜಿನ್ನಿನ ಬೆನ್ನಲ್ಲಿ, ಗೇರ್‌ಬಾಕ್ಸ್ ಬಿಗಿಯೋ ಕಡೆ, ಎಲ್ಲೆಲ್ಲಿ ತೂತಿತ್ತೋ ಮೊಮ್ಮಗನ ಕಾಲದ ಎಂಜಿನ್ನಿಗೂ ಅಲ್ಲಲ್ಲೇ ತೂತು. ಪಿಕಪ್ಪಿನ ವೈಪರ್ ಮೋಟರೇ ಶಾಲೆ ವ್ಯಾನಿಗೂ. ವ್ಯಾನಿನ ಬ್ರೇಕ್ ಡ್ರಮ್ಮೇ ಆಂಬ್ಯುಲೆನ್ಸಿಗೂ. ಹಾಗಂತ ಕಣ್ಣು ಮುಚ್ಚಿ ನಂಬಿದರೆ ಕೆಟ್ಟಿರಿ. ಒಂದೇ ವರ್ಷದ ಎರಡು ಗಾಡಿ, ಒಂದೇ ತಾಯಿ ಮಕ್ಕಳ ಹಾಗಿರುತ್ತವೆ, ಆದರೆ ಒಂದರ ಬಾಗಿಲಿನ ಕೀಲು ಇನ್ನೊಂದಕ್ಕಿಂತ ಒಂದು ಬೆರಳು ಕೆಳಗೆ. ಸುತ್ತಿಗೆ ತಗೊಂಡು ಬಡಿದರೂ ಕೂರಲ್ಲ.

ಇದನ್ನೆಲ್ಲ ಅವನು ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ, ಗೋಡೆ ಮೇಲೆ ನೇತು ಹಾಕಿದ್ದ. ಯಾವ ಬಿಡಿಭಾಗ ಕೈಗೆ ಬಂದರೂ ಅದರ ಮೈಗೆ ಗ್ರೀಸು ಬಳಿದು, ಮೇಲೊಂದು ರಟ್ಟು ಒತ್ತಿ, ಮೂಡಿದ ಗುರುತಿನ ಮೇಲೆ ಕತ್ತರಿ ಆಡಿಸಿ ತೂತು ಮಾಡಿ ಮೊಳೆಗೆ ಸಿಕ್ಕಿಸುತ್ತಿದ್ದ. ಗುಜರಿಗೆ ಹೋಗುವಾಗ ಬೇಕಾದ ರಟ್ಟು ಕಂಕುಳಲ್ಲಿ ಇಟ್ಟುಕೊಂಡು ಹೊರಡೋದು. ಅಲ್ಲಿ ಬಿದ್ದಿರುವ ರಾಶಿಯಲ್ಲಿ ಒಂದೊಂದಕ್ಕೂ ಹಿಡಿದು ನೋಡೋದು. ತೂತಿಗೆ ತೂತು ಕೂತಿತೋ, ಮಾತು ಮುಗಿಯಿತು. "ಮನುಷ್ಯ ಸುಳ್ಳು ಹೇಳ್ತಾನೆ, ತೂತು ಹೇಳಲ್ಲ" ಅಂತ ಗಿರಾಕಿಗಳಿಗೆ ಉಪದೇಶ ಬೇರೆ.

ರಟ್ಟಿನ ಹುಚ್ಚು ಮನೆಗೂ ಬಂತು. ಮನೆಗೆ ಯಾವ ಸಾಮಾನು ತಂದರೂ ಸಂಜೆಯೊಳಗೆ ಅದರ ಡಬ್ಬಕ್ಕೆ ಕತ್ತರಿ. ಒಂದು ಸಲ ಹೊಸ ಮಿಕ್ಸಿ ಕೆಟ್ಟುಹೋಗಿ ಅವನ ಹೆಂಡತಿ ವಾಪಸ್ ಕೊಡೋಕೆ ಹೋದಳು. ಅಂಗಡಿಯವನು ಡಬ್ಬದ ತಳ ನೋಡಿ "ಏನಮ್ಮಾ, ಇಲಿ ಇಷ್ಟು ಗುಂಡಗೆ ಕಚ್ಚುತ್ತಾ?" ಅಂದನಂತೆ. ಅವತ್ತು ಅವನಿಗೆ ಊಟದ ಜೊತೆ ಮಂಗಳಾರತಿಯೂ ಆಯಿತು. ಏನೇ ಬೈದರೂ ಆ ಮಹಾತಾಯಿ ಭಾನುವಾರ ಭಾನುವಾರ ಶೆಡ್ಡಿಗೆ ಬಂದು, ಸೆರಗು ಸಿಕ್ಕಿಸಿಕೊಂಡು, ಅವನು ಗಾಡಿ ಕೆಳಗೆ ಮಲಗಿದ್ದರೆ ಕೇಳಿದ ಸ್ಪ್ಯಾನರ್ ಕೇಳಿದ ಹಾಗೆ ಕೈಗಿಡುತ್ತಿದ್ದಳು. ಅವರಿಬ್ಬರದು ಒಳ್ಳೇ ಸಂಸಾರ. ಜಗಳಕ್ಕೆ ಯಾವತ್ತೂ ಬರ ಇರಲಿಲ್ಲ, ನಗುವಿಗೂ ಇರಲಿಲ್ಲ.

ಇಷ್ಟೆಲ್ಲ ಗಾಡಿಗಳ ನಡುವೆ ಅವನ ಜೀವ ಇದ್ದದ್ದು ಮಾತ್ರ ಒಂದೇ ಗಾಡಿಯಲ್ಲಿ. ಅದು ಅವನ ಅಕ್ಕನದು.

ಅಕ್ಕ ಅಂದರೆ ಬರೀ ಒಡಹುಟ್ಟಿದವಳಲ್ಲ. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಊರಂಚಿನಲ್ಲಿ ಅವಳದೊಂದು ಗಿಡದ ನರ್ಸರಿ, ಹಸಿರು ಬಲೆಯ ನೆರಳಲ್ಲಿ ಸಾಲು ಸಾಲು ಸಸಿ. ಭಾವ ಇದ್ದಾಗ ಕೊಂಡ ಪಿಕಪ್ಪು ಅದು. ಭಾವ ಹೋದಮೇಲೆ "ಯಾರನ್ನಾದ್ರೂ ಡ್ರೈವರ್ ಇಟ್ಕೋ" ಅಂದವರಿಗೆಲ್ಲ "ನನ್ನ ಕೈಗೇನು ಲಕ್ವ ಹೊಡೆದಿದೆಯಾ?" ಅಂತ ಕೇಳಿ, ಸ್ಟೇರಿಂಗ್ ಹಿಡಿದು ಕೂತವಳು ಮತ್ತೆ ಇಳಿಯಲಿಲ್ಲ. ಕಿಟಕಿಗೆ ಮೊಣಕೈ ಊರಿ, ಹಿಂದೆ ನಿಂಬೆ, ಗುಲಾಬಿ, ಬಳ್ಳಿಗಳನ್ನು ತುಂಬಿಕೊಂಡು ಬೀದಿ ಬೀದಿ ತಿರುಗೋದು. ಗಾಡಿಯ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಜನ "ಗಿಡದಕ್ಕ ಬಂದ್ಲು" ಅಂತ ಗೇಟು ತೆಗೆಯುತ್ತಿದ್ದರು. ಅವಳೂ ಸಸಿ ಇಳಿಸಿ ಸುಮ್ಮನೆ ಬರುತ್ತಿರಲಿಲ್ಲ. ಹೋದ ವರ್ಷ ಕೊಟ್ಟ ಗಿಡ ಹೇಗಿದೆ ಅಂತ ನೋಡಿ, ನೀರು ಹಾಕದವರಿಗೆ ಅಲ್ಲೇ ಮುಖದ ನೀರಿಳಿಸಿ ಬರುತ್ತಿದ್ದಳು.

ಆ ಗಾಡಿಯಲ್ಲಿ ಹುಟ್ಟಿದಾಗಿನದು ಅಂತ ಉಳಿದದ್ದು ಚಾಸಿ, ಎಂಜಿನ್ನು, ಮತ್ತೆ ಅಕ್ಕ. ಬಾನೆಟ್ಟು ಬೆಂಕಿ ಆರಿಸೋ ಗಾಡಿಯದು, ಎಡ ಬಾಗಿಲು ಹಾಲಿನ ವ್ಯಾನಿನದು, ಹಿಂದಿನ ದೀಪ ಟ್ರ್ಯಾಕ್ಟರಿಂದು. ಎಲ್ಲ ತಮ್ಮನ ಕೈಚಳಕ. ಒಂದೇ ಬಣ್ಣ ಬಳಿದು ನಿಲ್ಲಿಸಿದ್ದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಅಕ್ಕನ ಎಡಗಾಲಿನ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು, ನಡೆಯೋ ಹಾಗೂ ಆಯಿತು. ಆದರೆ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು, "ಕ್ಲಚ್ ತುಳಿಯೋ ಹಾಗಿಲ್ಲ. ಆ ಹಳೇ ಗಾಡಿ ಕ್ಲಚ್ಚಂತೂ ಬೇಡವೇ ಬೇಡ." ಅಕ್ಕ ಮನೆಗೆ ಬಂದು ನರ್ಸರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಗಿಡಗಳು ಬಾಡಿಗೆ ಗಾಡಿಯಲ್ಲಿ ಹೋಗತೊಡಗಿದವು. ಒಂದು ದಿನ ತಮ್ಮ ಬಂದು ನೋಡಿದರೆ ಕುರ್ಚಿಯ ದಿಕ್ಕು ಬದಲಾಗಿತ್ತು. ಗಾಡಿ ನಿಂತಿದ್ದ ಕಡೆ ಬೆನ್ನು ಮಾಡಿ ಕೂತಿದ್ದಳು. ಜಗಳವಾಡೋ ಅಕ್ಕನನ್ನು ಸಂಭಾಳಿಸಬಹುದು, ಸುಮ್ಮನಿರೋ ಅಕ್ಕನನ್ನು ಹೇಗೆ ಸಂಭಾಳಿಸೋದು?

ಅಷ್ಟರಲ್ಲಿ ಊರಿನ ಹೋಟೆಲ್ ಯಜಮಾನರೊಬ್ಬರು ಬಂದರು. ಒಳ್ಳೇ ಮನುಷ್ಯ, ಬಾಯಿ ತುಂಬ ನಗು. ಅವರ ಆಸೆ ಇಷ್ಟೇ: ಈ ಗಾಡಿಯನ್ನು ಹೋಟೆಲಿನ ಮುಂದೆ ನಿಲ್ಲಿಸಿ, ಚಕ್ರಕ್ಕೆ ಸಿಮೆಂಟು ಕಟ್ಟಿ, ಹಿಂದಿನ ತೊಟ್ಟಿಗೆ ಮಣ್ಣು ತುಂಬಿ ಹೂವಿನ ಗಿಡ ಬೆಳೆಸಬೇಕು. ಜನ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳಬೇಕು. "ಎಲ್ಲ ಒರಿಜಿನಲ್ ಅಲ್ವಾ ಅಕ್ಕಾ, ಇಂಥದ್ದು ಈಗ ಎಲ್ಲಿ ಸಿಗತ್ತೆ!" ಅಂದರು. ಅಕ್ಕ ತಿರುಗಿಯೂ ನೋಡದೆ "ತಗೊಂಡು ಹೋಗಿ" ಅಂದುಬಿಟ್ಟಳು. ಬರುವ ಭಾನುವಾರ ಕ್ರೇನು ತರೋದು ಅಂತ ಮಾತಾಯಿತು.

ಸುದ್ದಿ ಕೇಳಿ ತಮ್ಮ ಕೈ ಕೂಡ ಒರೆಸಿಕೊಳ್ಳದೆ ಓಡಿಬಂದ.

"ಅಕ್ಕಾ, ಏನಿದು ನೀನು ಮಾಡಿದ್ದು? ಚಕ್ರಕ್ಕೆ ಸಿಮೆಂಟು ಕಟ್ತಾರಂತೆ!"

"ನನ್ನ ಕಾಲಿಗೆ ಕಟ್ಟಿಲ್ವಾ? ಎರಡೂ ಒಂದೊಂದು ಕಡೆ ನಿಂತಿರಲಿ ಬಿಡು."

"ಕ್ಲಚ್ಚೇ ಇಲ್ಲದ ಹಾಗೆ ಮಾಡಿಕೊಟ್ರೆ?"

ಅಕ್ಕ ಅವನ ಮುಖ ನೋಡಿದಳು. ಅವಳ ಕಣ್ಣಲ್ಲಿ ಒಂದು ಮಿಂಚು ಬಂದು ಹೋಯಿತು, ಅದನ್ನು ಅವನು ಕಂಡ. "ನೋಡೋ, ಭಾನುವಾರದೊಳಗೆ ಆದ್ರೆ ಆಯ್ತು" ಅಂದಳು. "ಆಗ್ಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಕೂಡದು. ಆಸೆ ಇಟ್ಕೊಂಡು ಕಾಯ್ತಾ ಕೂರೋದು ನನ್ನ ಕೈಲಾಗಲ್ಲ ಕಣೋ. ಗಾಡಿ ಇಲ್ಲದಿದ್ರೂ ಪರವಾಗಿಲ್ಲ, ಅದೊಂದು ಬೇಡ."

ಶೆಡ್ಡಿಗೆ ಬೀಗ ಹಾಕಿ ಅವನು ನರ್ಸರಿಯಲ್ಲೇ ಠಿಕಾಣಿ ಹೂಡಿದ. ಎಂಜಿನ್ನಿನ ಬೆನ್ನಿನ ರಟ್ಟು ತಗೊಂಡು ಗುಜರಿಗೆ ಹೋದರೆ, ಅದೇ ಕಂಪನಿಯ ಒಂದು ವ್ಯಾನು, ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದು, ಮೂತಿ ಜಜ್ಜಿಕೊಂಡು ಬಿದ್ದಿತ್ತು. ರಟ್ಟು ಹಿಡಿದ, ತೂತಿಗೆ ತೂತು ಕೂತಿತು. ಅಲ್ಲೇ ಎರಡು ಹೆಜ್ಜೆ ಕುಣಿದನಂತೆ, ಗುಜರಿಯವನೇ ಹೇಳಿದ್ದು. ಆದರೆ ಈ ಗೇರ್‌ಬಾಕ್ಸಿಗೆ ಅಕ್ಕನ ಗಾಡಿಯ ಹಿಂದಿನ ಎರಡು ಚಕ್ರ ತಿರುಗಿಸೋ ಆಕ್ಸಲ್ಲು ಹೊಂದೋದಿಲ್ಲ. ಅದು ಭಾರ ಎಳೆಯೋಕೆ ಮಾಡಿದ್ದು, ಎಂಜಿನ್ನು ಅರಚಿಕೊಂಡು ಸಾಯುತ್ತದೆ. ಹಾಗಾಗಿ ವ್ಯಾನಿನ ಆಕ್ಸಲ್ಲನ್ನೂ ಇಳಿಸಿದ.

ಇಲ್ಲೇ ನೋಡಿ ಎಡವಟ್ಟಾದದ್ದು. ವ್ಯಾನಿನಲ್ಲಿ ಸ್ಪ್ರಿಂಗ್ ಪಟ್ಟೆಗಳು ಆಕ್ಸಲ್ಲಿನ ಮೇಲೆ ಕೂತಿರುತ್ತವೆ, ಅಕ್ಕನ ಗಾಡಿಯಲ್ಲಿ ಕೆಳಗೆ. ಪಟ್ಟೆ ಕೂರೋ ಜಾಗವನ್ನು ಕತ್ತರಿಸಿ ಇನ್ನೊಂದು ಮಗ್ಗುಲಿಗೆ ವೆಲ್ಡಿಂಗ್ ಮಾಡೋದು ನ್ಯಾಯವಾದ ಕೆಲಸ. ಅದಕ್ಕೆ ಟೈಮೆಲ್ಲಿದೆ? ಅಕ್ಕನ ಗಾಡಿಯ ಪಟ್ಟೆ ಕೂರೋ ಜಾಗದ ರಟ್ಟನ್ನು ಮೇಲಿನಿಂದ ಹಿಡಿದ, ಕೂರಲಿಲ್ಲ. ರಟ್ಟನ್ನು ಮಗುಚಿ ಕೆಳಗಿನಿಂದ ಹಿಡಿದ, ಆಹಾ, ಲಕ್ಷಣವಾಗಿ ಕೂತಿತು! ಹಾಗಿದ್ದ ಮೇಲೆ ಆಕ್ಸಲ್ಲನ್ನೇ ಅಂಗಾತ ಮಾಡಿ ಏರಿಸಿದರಾಯಿತಲ್ಲ? ಏರಿಸಿದ. ಒಂದು ಬೋಲ್ಟೂ ತಕರಾರು ಮಾಡಲಿಲ್ಲ. ಆಯಿಲ್ ಹಾಕೋ ತೂತು ಕೆಳಗೆ ಬಂದಿತ್ತು, ಬಿಡೋ ತೂತು ಮೇಲೆ ಬಂದಿತ್ತು. ಆಗಲಾದರೂ ಅನುಮಾನ ಬರಬೇಡವೇ? "ಹಾಕೋದೂ ತೂತೇ, ಬಿಡೋದೂ ತೂತೇ" ಅಂತ ಬಿಡೋ ತೂತಿನಿಂದಲೇ ಆಯಿಲ್ ಹಾಕಿ ಮುಚ್ಚಿದ.

ಶನಿವಾರ ಸಂಜೆ ಹಿಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿ, ತಾನು ಬಾನೆಟ್ಟಿನೊಳಗೆ ತಲೆ ತೂರಿಸಿ, ಹೆಂಡತಿಯ ಕೈಲಿ ಎಂಜಿನ್ನು ಚಾಲೂ ಮಾಡಿಸಿ, ಗೇರು ಹಾಕಿಸಿದ. "ಏಯ್, ಚಕ್ರ ತಿರುಗ್ತಿದೆಯಾ?" ಅಂತ ಕೂಗಿದ. ಡ್ರೈವರ್ ಸೀಟಿನಿಂದ ತಲೆ ಹೊರಗೆ ಹಾಕಿ ಹೆಂಡತಿ ನೋಡಿದಳು. "ತಿರುಗ್ತಿದೆ ರೀ, ಚೆನ್ನಾಗಿ ತಿರುಗ್ತಿದೆ!" ಅಷ್ಟು ಸಾಕಾಯಿತು. ಒಂದು ಸುತ್ತು ಓಡಿಸಿ ನೋಡಿ ಅಂದಳು ಅವಳು. ಅವನು ಒಪ್ಪಲಿಲ್ಲ. ಮೊದಲು ಓಡಿಸೋದು ಅಕ್ಕನೇ ಅಂತ ಹಟ ಹಿಡಿದ.

ಭಾನುವಾರ ಬೆಳಿಗ್ಗೆ ನರ್ಸರಿಯ ಗೇಟಿನ ಹೊರಗೆ ಕ್ರೇನು ಬಂದು ನಿಂತಿತು. ಹೋಟೆಲ್ ಯಜಮಾನರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ವಿಷಯ ತಿಳಿದು "ಆಗ್ಲಿ, ನೋಡೋಣ, ಅಕ್ಕ ಓಡಿಸಿದ್ರೆ ನನಗೂ ಸಂತೋಷವೇ" ಅಂತ ಒಂದು ಪಕ್ಕಕ್ಕೆ ನಿಂತರು. ತಮ್ಮ ಗಾಡಿಯ ತೊಟ್ಟಿಗೆ ಆಗಲೇ ಸಸಿಗಳನ್ನು ತುಂಬಿಸಿಯೂ ಇದ್ದ, ದೊಡ್ಡ ಬೀದಿಯ ಟೀಚರಮ್ಮನ ಮನೆಗೆ ಹೋಗಬೇಕಾದವು. ಅಕ್ಕ ನಿಧಾನವಾಗಿ ಹತ್ತಿ ಕೂತಳು. ಸ್ಟೇರಿಂಗನ್ನು ಅಂಗೈಯಿಂದ ಒಮ್ಮೆ ಒರೆಸಿದಳು.

"ಬಲಗಾಲು ಬ್ರೇಕಿನ ಮೇಲಿರಲಿ ಅಕ್ಕಾ. ಎಡಗಾಲಿಗೆ ಇನ್ನು ಮೇಲೆ ರಜ. ಈ ಗೇರ್ ರಾಡನ್ನ ಇಲ್ಲಿಗೆ ಎಳಿ, ಇದು ಮುಂದಕ್ಕೆ. ಬ್ರೇಕ್ ಬಿಟ್ಟು ಮೆತ್ತಗೆ ಆಕ್ಸಿಲರೇಟರ್ ಕೊಡು. ಅಷ್ಟೇ, ಮಗು ಕೂಡ ಓಡಿಸತ್ತೆ."

ಅಕ್ಕ ರಾಡು ಎಳೆದಳು. ಬ್ರೇಕ್ ಬಿಟ್ಟಳು. ಎದುರಿನ ಗೇಟಿನ ಕಡೆ ಕಣ್ಣಿಟ್ಟು ಆಕ್ಸಿಲರೇಟರ್ ಕೊಟ್ಟಳು. ಗಾಡಿ ಗುರ್ರಂತ ಹಿಂದಕ್ಕೆ ಹೊರಟಿತು.

"ಅಕ್ಕಾ! ರಿವರ್ಸ್ ಹಾಕಿದೀಯ! ರಿವರ್ಸ್!"

"ಎಲ್ಲೋ ರಿವರ್ಸ್? ನೀನು ಹೇಳಿದ್ದೇ ಹಾಕಿದೀನಿ ಕಣೋ!"

ಹೇಳಿ ಮುಗಿಸೋದರೊಳಗೆ ಗಾಡಿ ಹಿಂದಿದ್ದ ಗೊಬ್ಬರದ ಗುಡ್ಡೆಗೆ ಮೆತ್ತಗೆ ಕುಂಡೆ ಊರಿ ನಿಂತಿತು. ಅವನು ಓಡಿಹೋಗಿ ಕಿಟಕಿಯಿಂದ ಇಣುಕಿದ. ರಾಡು ಇರಬೇಕಾದ ಜಾಗದಲ್ಲೇ ಇತ್ತು. ಬಗ್ಗಿ ಗಾಡಿಯ ಕೆಳಗೆ ನೋಡಿದ. ತಲೆಕೆಳಗಾದ ಆಕ್ಸಲ್ಲು, ಮೇಲೆ ಕೆಳಗಾದ ಆಯಿಲ್ ತೂತು. ಆಗ ಹೊಳೆಯಿತು ನೋಡಿ ಪುಣ್ಯಾತ್ಮನಿಗೆ. ಆಕ್ಸಲ್ಲು ಅಂಗಾತ ಆದರೆ ಒಳಗಿನ ದೊಡ್ಡ ಹಲ್ಲುಚಕ್ರ ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಅದು ಈ ಕಡೆ ಬಂದರೆ ಗಾಡಿಯ ಚಕ್ರ ಉಲ್ಟಾ ತಿರುಗುತ್ತದೆ. ತೂತು ಸುಳ್ಳು ಹೇಳಿರಲಿಲ್ಲ, ಆದರೆ ಮಗುಚಿದ ರಟ್ಟಿಗೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಗೊತ್ತಿರಬೇಕಲ್ಲ!

ಅವನು ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನೆ ಕೇಳಿದ್ನಲ್ಲ ನಿನ್ನ!"

"ತಿರುಗ್ತಿದೆಯಾ ಅಂದ್ರಿ, ತಿರುಗ್ತಿದೆ ಅಂದೆ. ಯಾವ ಕಡೆಗೆ ಅಂತ ಕೇಳಿದ್ರಾ?"

ಕ್ರೇನಿನವನು ಮೊದಲು ನಕ್ಕ. ಆಮೇಲೆ ಸಸಿಗಳಿಗೆ ನೀರು ಹಾಕುತ್ತಿದ್ದ ಹೆಂಗಸರು. ಹೋಟೆಲ್ ಯಜಮಾನರು ಪಾಪ, ಕೆಮ್ಮಿದ ಹಾಗೆ ಮಾಡಿ ಆ ಕಡೆ ತಿರುಗಿದರು, ಬೆನ್ನು ಮಾತ್ರ ಕುಲುಕುತ್ತಿತ್ತು. ಅದಕ್ಕಿದು ಗೊಬ್ಬರದ ಪಕ್ಕದಲ್ಲೇ ಕುಕ್ಕರಿಸಿದ. ಜನ ನಕ್ಕದ್ದು ಅವನಿಗೆ ಲೆಕ್ಕಕ್ಕಿರಲಿಲ್ಲ. ಈ ಆಕ್ಸಲ್ಲು ಬಿಚ್ಚಿ, ಕತ್ತರಿಸಿ, ವೆಲ್ಡಿಂಗ್ ಮಾಡಿ ಮತ್ತೆ ಏರಿಸೋಕೆ ಒಂದು ವಾರವಾದರೂ ಬೇಕು. ಆ ಒಂದು ವಾರವನ್ನು ಕೇಳುವ ಹಾಗಿಲ್ಲ. ಅಕ್ಕ ಮತ್ತೆ ಆ ಕುರ್ಚಿಗೆ ಹೋಗಿ ಬೆನ್ನು ತಿರುಗಿಸಿ ಕೂರುತ್ತಾಳೆ, ಅದೂ ತನ್ನ ಕೈಯಾರೆ ಆದದ್ದು.

"ತಗೊಂಡು ಹೋಗಿ ಸಾರ್" ಅಂದ ಯಜಮಾನರಿಗೆ. "ಅಕ್ಕಾ, ನನ್ನಿಂದ ಆಗಲಿಲ್ಲ. ಇಳಿ."

ಅಕ್ಕ ಇಳಿಯಲಿಲ್ಲ. ಏನೋ ಸದ್ದಾಯಿತು ಅಂತ ತಲೆ ಎತ್ತಿ ನೋಡಿದರೆ ಅವಳು ನಗುತ್ತಿದ್ದಳು. ಸಣ್ಣ ನಗುವಲ್ಲ. ಸ್ಟೇರಿಂಗಿಗೆ ಹಣೆ ಹಚ್ಚಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರೋ ಹಾಗೆ. ಆಪರೇಷನ್ ಆದಮೇಲೆ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ.

"ಅಲ್ವೋ, ಊರಿನ ಗಾಡಿಗಳನ್ನೆಲ್ಲ ಮುಂದೆ ಓಡಿಸಿ, ಸ್ವಂತ ಅಕ್ಕನ ಗಾಡೀನ ಹಿಂದೆ ಓಡಿಸಿದೆಯಲ್ಲೋ!" ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗೇರ್ ರಾಡಿನ ಮೇಲೆ ಕೈಯಿಟ್ಟು ಕೇಳಿದಳು, "ಮುಂದಿನ ಗೇರು ಹಾಕಿದ್ರೆ ಹಿಂದೆ ಹೋಗತ್ತೆ. ಹಾಗಾದ್ರೆ ರಿವರ್ಸ್ ಹಾಕಿದ್ರೆ?"

"ಮುಂದೆ ಹೋಗತ್ತೆ. ಆದ್ರೆ ಅಕ್ಕಾ, ರಿವರ್ಸ್ ಇರೋದು ಒಂದೇ ಗೇರು. ಮನುಷ್ಯ ಸ್ವಲ್ಪ ಜೋರಾಗಿ ನಡೆದಷ್ಟೇ ಸ್ಪೀಡು."

"ಡಾಕ್ಟರು ನನಗೆ ಅಷ್ಟೂ ನಡೆಯೋಕೆ ಹೇಳಿಲ್ಲ" ಅಂದವಳೇ ಬಾಗಿಲು ಧಡಾರಂತ ಹಾಕಿಕೊಂಡಳು.

ರಾಡು ರಿವರ್ಸಿಗೆ ಹೋಯಿತು. ಹಿಂದಿನ ಬಿಳಿ ದೀಪ ಹತ್ತಿತು. ಗಾಡಿ ಗೊಬ್ಬರದಿಂದ ಕಿತ್ತುಕೊಂಡು, ತಿಣುಕುತ್ತ ಮುಲುಗುತ್ತ, ಗೇಟಿನ ಕಡೆಗೆ, ಮುಂದಕ್ಕೆ ಹೊರಟಿತು. ಕ್ರೇನಿನವನು ಅವಸರವಾಗಿ ತನ್ನ ಗಾಡಿಯನ್ನು ದಾರಿಯಿಂದ ತೆಗೆದ. ಹೋಟೆಲ್ ಯಜಮಾನರು ಕಿಟಕಿಯ ಪಕ್ಕದಲ್ಲೇ ನಡೆದುಕೊಂಡು ಬಂದರು, ಓಡಬೇಕಾದ ಅಗತ್ಯವೇನೂ ಇರಲಿಲ್ಲ.

"ಹಾಗಾದ್ರೆ ಅಕ್ಕಾ, ಗಾಡಿ..."

"ಗಾಡಿ ಕೆಲಸಕ್ಕೆ ಹೊರಟಿದೆ, ಕಾಣಲ್ವಾ? ನಿಮ್ಮ ಹೋಟೆಲ್ ಮುಂದೆ ಹೂವು ಬೇಕು ಅಂದ್ರೆ ಹೇಳಿ. ಒಳ್ಳೇ ಕುಂಡದಲ್ಲಿ ಹಾಕಿ ನಾನೇ ತಂದು ಇಳಿಸ್ತೀನಿ."

ಯಜಮಾನರು ನಿಂತರು. ಬಾಯಿ ತುಂಬ ನಕ್ಕು, "ದೊಡ್ಡ ಕುಂಡಗಳೇ ಇರಲಿ ಅಕ್ಕಾ" ಅಂತ ಕೂಗಿದರು.

ಆಕ್ಸಲ್ಲು ಬಿಚ್ಚಿ ಸರಿಮಾಡಿದ್ದೆಲ್ಲ ಆಮೇಲಿನ ಮಾತು, ಅದಕ್ಕೆ ವಾರವಲ್ಲ, ಇನ್ನೂ ಹೆಚ್ಚೇ ಹಿಡಿಯಿತು. ಆ ಬೆಳಿಗ್ಗೆ ಮಾತ್ರ ತಮ್ಮ ಗಾಡಿಯ ಹಿಂದೆ ಓಡುತ್ತ, "ಅಕ್ಕಾ, ನಿಲ್ಸೇ, ಅಷ್ಟು ದೂರ ಬೇಡ, ಗೇರ್‌ಬಾಕ್ಸ್ ಬಿಸಿಯಾಗತ್ತೆ!" ಅಂತ ಅರಚುತ್ತಿದ್ದ. ಅರಚುತ್ತ ಅರಚುತ್ತ ಅವನಿಗೆ ಅಳು ಬಂತು. ಸಂತೋಷಕ್ಕೇ ಬಂತು, ಅವನು ಅದನ್ನು ಮುಚ್ಚಿಡಲೂ ಇಲ್ಲ. ಅಕ್ಕ ಎಡ ಬಾಗಿಲು ತೆರೆದುಕೊಟ್ಟಳು, ಅವನು ನಡೆದುಕೊಂಡೇ ಹತ್ತಿ ಕೂತ.

ದೊಡ್ಡ ಬೀದಿಗೆ ಬಂದಾಗ ಹಿಂದೆ ಗಾಡಿಗಳ ಸಾಲು ಬೆಳೆಯಿತು. ಸೈಕಲ್ಲಿನವರು ದಾಟಿಕೊಂಡು ಹೋದರು. ಉಳಿದವರು ಹಾರ್ನ್ ಹೊಡೆದೇ ಹೊಡೆದರು. ರಿವರ್ಸ್ ದೀಪ ಹೊತ್ತಿಸಿಕೊಂಡು ಮುಂದೆ ಹೋಗುವ ಗಾಡಿಯನ್ನು ಅವರು ಎಲ್ಲಿ ಕಂಡಿದ್ದರು ಪಾಪ.

"ಅಕ್ಕಾ, ಸ್ವಲ್ಪ ಪಕ್ಕಕ್ಕೆ ತಗೋ, ದಾರಿ ಬಿಡು" ಅಂದ ತಮ್ಮ.

"ಯಾಕೆ ಬಿಡಲಿ? ಇಷ್ಟು ದಿನ ಎಲ್ಲರೂ ಓಡಾಡಿದ್ರು, ನಾನು ಕೂತಿದ್ದೆ. ಇವತ್ತು ನಾನು ಹೋಗ್ತೀನಿ, ಅವರು ಕಾಯಲಿ."

ಮೊಣಕೈಯನ್ನು ಕಿಟಕಿಗೆ ಊರಿ ಅವಳು ರಸ್ತೆಯ ನಟ್ಟನಡುವೆ ಓಡಿಸಿದಳು. ಟೀಚರಮ್ಮನ ಮನೆಯ ಗೇಟು ಆಗಲೇ ತೆರೆದಿತ್ತು.